ನಿಮ್ಮ ಬೈಕ್ ಏನೇನು ಬರೆದಿಟ್ಟುಕೊಂಡಿದೆ? ನೋಡುವ, ಕಡಿಮೆ ಮಾಡುವ, ಅಳಿಸುವ ಕ್ರಮ

‘ವಿಮಾನದಲ್ಲಿರುವಂಥ ಕಪ್ಪು ಪೆಟ್ಟಿಗೆ ನನ್ನ ಬೈಕಿನಲ್ಲೂ ಇದೆಯೇ?’ ‘ನಾನು ಎಷ್ಟು ವೇಗದಲ್ಲಿ ಓಡಿಸಿದೆ ಎಂಬುದು ವಿಮಾ ಕಂಪನಿಗೆ ಗೊತ್ತಾಗುತ್ತದೆಯೇ?’ ‘ಸ್ಕೂಟರ್ ಮಾರಿ ಎರಡು ತಿಂಗಳಾಯಿತು, ಅದು ಎಲ್ಲಿ ನಿಂತಿದೆ ಎಂದು ನನ್ನ ಫೋನು ಈಗಲೂ ತೋರಿಸುತ್ತಿದೆ, ಏನು ಮಾಡಲಿ?’ ಓದುಗರು ಈ ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಪ್ರಶ್ನೆಯ ಉತ್ತರ ಸರಳ. ಭಾರತದಲ್ಲಿ ಖಾಸಗಿ ದ್ವಿಚಕ್ರ ವಾಹನಕ್ಕೆ ಅಪಘಾತವನ್ನು ದಾಖಲಿಸುವ ಸಾಧನ ಕಡ್ಡಾಯವಲ್ಲ. ಯುರೋಪ್ ಒಕ್ಕೂಟವು 2022ರ ಜುಲೈಯಿಂದ ಹೊಸ ಮಾದರಿಯ ಕಾರುಗಳಿಗೂ, 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಅದನ್ನು ಕಡ್ಡಾಯ ಮಾಡಿತು. ಬೈಕುಗಳು ಆ ನಿಯಮದಿಂದ ಹೊರಗಿವೆ. ನಮ್ಮ ಬಸ್ಸು, ಟ್ಯಾಕ್ಸಿಗಳಲ್ಲಿ ಇರುವ ಸ್ಥಳ ಪತ್ತೆ ಸಾಧನ ಎಐಎಸ್ 140 ಎಂಬ ಮಾನದಂಡದ್ದು, ಅದೂ ದ್ವಿಚಕ್ರಕ್ಕೆ ಅನ್ವಯಿಸುವುದಿಲ್ಲ.

ಹಾಗೆಂದು ನಿಮ್ಮ ಬೈಕ್ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ ಎಂದು ತಿಳಿಯಬೇಡಿ. ಬಹುಪಾಲು ಸವಾರರು ಸೀಟಿನ ಕೆಳಗಿನ, ಇಂಜಿನ್ ನಿಯಂತ್ರಿಸುವ ಪೆಟ್ಟಿಗೆಗೆ ಹೆದರುತ್ತಾರೆ. ನನ್ನ ಅನುಭವದಲ್ಲಿ ಆ ಪೆಟ್ಟಿಗೆಯಿಂದ ಹೊರಗೆ ಹೋಗುವುದು ಅತ್ಯಲ್ಪ. ಮಾಹಿತಿ ಸೋರುವುದು ಜೇಬಿನಲ್ಲಿರುವ ಆ್ಯಪಿನಿಂದ ಮತ್ತು ವಾಹನದೊಳಗೇ ಇರುವ ಸಿಮ್‌ನಿಂದ. ಆದ್ದರಿಂದ ಈ ಲೇಖನದಲ್ಲಿ ಅವೆರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಕೈಗೆತ್ತಿಕೊಳ್ಳಬೇಕಾದವು

ಆರ್‌ಸಿ, ವಾಹನದ ಜೊತೆ ಬಂದ ಕೈಪಿಡಿ, ವಿಮಾ ಪಾಲಿಸಿಯ ಪೂರ್ತಿ ಪ್ರತಿ (ಒಂದು ಪುಟದ ಪ್ರಮಾಣಪತ್ರ ಸಾಲದು), ಹಿಂದಿನ ಸರ್ವಿಸ್‌ನ ಜಾಬ್ ಕಾರ್ಡ್, ವಾಹನದ ಆ್ಯಪ್ ಇರುವ ಫೋನು, ಬರೆದುಕೊಳ್ಳಲು ಒಂದು ಹಾಳೆ. ಬಿಡುವಿರುವ ಒಂದು ಬೆಳಿಗ್ಗೆ ಸಾಕು.

ಹಂತ 1: ನಿಮ್ಮ ವಾಹನ ಯಾವ ಬಗೆಯದು ಎಂದು ತಿಳಿಯಿರಿ

2020ರ ಏಪ್ರಿಲ್‌ಗಿಂತ ಮುಂಚಿನ, ಅಂದರೆ ಬಿಎಸ್ 6 ಎಂಬ ಹೊಗೆ ನಿಯಂತ್ರಣ ಮಾನದಂಡ ಬರುವ ಮೊದಲಿನ, ಕಾರ್ಬ್ಯುರೇಟರ್ ಇರುವ ಸಾಧಾರಣ ಬೈಕ್ ನಿಮ್ಮದಾದರೆ ಅದರಲ್ಲಿ ಹೇಳಿಕೊಳ್ಳುವಂಥ ನೆನಪೇ ಇಲ್ಲ. ನೀವು ಹಂತ 4ರ ಟ್ರ್ಯಾಕರ್ ಭಾಗವನ್ನೂ ಕೊನೆಯ ಹಂತವನ್ನೂ ಓದಿದರೆ ಸಾಕು.

ಬಿಎಸ್ 6 ವಾಹನಗಳಲ್ಲಿ ಇಸಿಯು ಇದೆ. ಇಂಧನ ಎಷ್ಟು ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎಂದು ನಿರ್ಧರಿಸುವ ಪುಟ್ಟ ಕಂಪ್ಯೂಟರ್ ಅದು. ಇಷ್ಟೇ ಇದ್ದರೆ ಮೊದಲ ಬಗೆ. ಇದರ ಮೇಲೆ ಬ್ಲೂಟೂತ್ ಮೀಟರ್ ಇದ್ದರೆ ಎರಡನೆಯ ಬಗೆ: ವಾಹನ ನಿಮ್ಮ ಫೋನಿನೊಡನೆ ಮಾತಾಡುತ್ತದೆ, ಫೋನು ಕಂಪನಿಯ ಸರ್ವರ್‌ನೊಡನೆ ಮಾತಾಡುತ್ತದೆ. 2018ರಲ್ಲಿ ಟಿವಿಎಸ್ ಎನ್‌ಟಾರ್ಕ್ ಇಂಥ ಸೌಲಭ್ಯದೊಡನೆ ಬಂದ ಮೇಲೆ ಇದು ಸಾಧಾರಣ ಸ್ಕೂಟರ್‌ಗಳಿಗೂ ಇಳಿಯಿತು. ವಾಹನದೊಳಗೇ ಸಿಮ್ ಇರುವುದು ಮೂರನೆಯ ಬಗೆ. ಬೆಂಗಳೂರಿನ ಏಥರ್, ಓಲಾ ಮುಂತಾದವರ ಅನೇಕ ವಿದ್ಯುತ್ ಸ್ಕೂಟರ್‌ಗಳೂ ಕೆಲವು ದುಬಾರಿ ಪೆಟ್ರೋಲ್ ಬೈಕುಗಳೂ ಈ ಬಗೆಯವು. ಇಲ್ಲಿ ಫೋನು ಮನೆಯಲ್ಲೇ ಇದ್ದರೂ ವಾಹನ ತಾನೇ ಸರ್ವರ್‌ಗೆ ವರದಿ ಕಳಿಸುತ್ತದೆ.

ಎರಡನೆಯದೋ ಮೂರನೆಯದೋ ಎಂದು ಗೊತ್ತಾಗದಿದ್ದರೆ ಹೀಗೆ ಪರೀಕ್ಷಿಸಿ. ಫೋನಿನ ಬ್ಲೂಟೂತ್ ಆರಿಸಿ, ಫೋನನ್ನು ಮನೆಯಲ್ಲಿಟ್ಟುಕೊಳ್ಳಿ. ಮನೆಯವರೊಬ್ಬರಿಗೆ ವಾಹನ ಕೊಟ್ಟು ಅರ್ಧ ಕಿಲೋಮೀಟರ್ ದೂರ ನಿಲ್ಲಿಸಿ ಬರಲು ಹೇಳಿ. ಈಗ ಆ್ಯಪ್ ತೆರೆಯಿರಿ. ಹೊಸ ಜಾಗ ಕಾಣಿಸಿದರೆ ವಾಹನದಲ್ಲಿ ಸಿಮ್ ಇದೆ.

ಇಲ್ಲಿ ಹಲವರು ಎಡವುತ್ತಾರೆ. ‘ಕೊನೆಗೆ ನಿಲ್ಲಿಸಿದ ಜಾಗ’ ಎಂದು ಆ್ಯಪ್ ತೋರಿಸಿದ ಮಾತ್ರಕ್ಕೆ ವಾಹನದಲ್ಲಿ ಜಿಪಿಎಸ್ ಇದೆ ಎಂದಲ್ಲ. ಬ್ಲೂಟೂತ್ ಸಂಪರ್ಕ ಕಡಿದ ಕ್ಷಣದಲ್ಲಿ ನಿಮ್ಮ ಫೋನು ಎಲ್ಲಿತ್ತೋ ಆ ಜಾಗವದು. ಆದ್ದರಿಂದಲೇ ವಾಹನವನ್ನು ಬೇರೆಯವರು ಒಯ್ಯಬೇಕು ಎಂದದ್ದು.

ಹಂತ 2: ಇಸಿಯು ಒಳಗೆ ಇಣುಕಿ ನೋಡಿ

ಇಂಜಿನ್‌ನಲ್ಲಿ ದೋಷ ಕಂಡಾಗ ಇಸಿಯು ಒಂದು ದೋಷ ಸಂಕೇತವನ್ನು ಬರೆದಿಟ್ಟು ಮೀಟರ್‌ನಲ್ಲಿ ಇಂಜಿನ್ ಚಿಹ್ನೆಯ ದೀಪ ಹೊತ್ತಿಸುತ್ತದೆ. ಆ ಕ್ಷಣದ ವೇಗ, ಇಂಜಿನ್ ಸುತ್ತು, ಉಷ್ಣಾಂಶ ಮುಂತಾದವುಗಳ ಒಂದು ನೋಟವನ್ನೂ ಹಲವು ವಾಹನಗಳಲ್ಲಿ ಹಿಡಿದಿಡುತ್ತದೆ. ಇದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ದೋಷದ ಹೊತ್ತಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರ ಇದ್ದಂತೆ. ನೀವು ಎಲ್ಲಿಗೆ ಹೋಗಿದ್ದಿರಿ, ಯಾರನ್ನು ಕೂರಿಸಿಕೊಂಡಿದ್ದಿರಿ ಎಂಬುದು ಅದಕ್ಕೆ ತಿಳಿಯದು.

ಇದಕ್ಕಿಂತ ಹೆಚ್ಚು ಬರೆದಿಡುವ ಬೈಕುಗಳೂ ಇವೆ. ಕವಾಸಾಕಿ ನಿಂಜಾ 300ರ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಮಾದರಿಯ ಇಸಿಯು ಅಪಘಾತದ ಆಸುಪಾಸಿನ ಕೆಲವು ಸೆಕೆಂಡುಗಳ ವಿವರವನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಅಪಘಾತ ತಜ್ಞರು ಪರೀಕ್ಷಿಸಿ ತೋರಿಸಿದ್ದಾರೆ. ಅದನ್ನು ಓದಲು ವಿಶೇಷ ಉಪಕರಣವೂ ವಾಹನವೂ ಕೈಯಲ್ಲಿರಬೇಕು. ದೂರದಲ್ಲಿ ಕುಳಿತು ಯಾರೂ ಓದಲಾರರು.

ನಿಮ್ಮದನ್ನು ನೋಡಬೇಕೆಂದರೆ ಮುಂದಿನ ಸರ್ವಿಸ್‌ನಲ್ಲಿ ಹೀಗೆ ಕೇಳಿ: ‘ಡಯಾಗ್ನಾಸ್ಟಿಕ್ ಉಪಕರಣ ಜೋಡಿಸಿದಾಗ ಪರದೆಯಲ್ಲಿ ಬಂದುದನ್ನು ನನಗೂ ತೋರಿಸಿ. ಸಂಕೇತಗಳನ್ನು ಜಾಬ್ ಕಾರ್ಡಿನಲ್ಲಿ ಬರೆಯಿರಿ. ನನ್ನನ್ನು ಕೇಳದೆ ಅಳಿಸಬೇಡಿ.’ ಹಣ ಕೊಟ್ಟು ಸರ್ವಿಸ್ ಮಾಡಿಸುವವರು ಇಷ್ಟು ಕೇಳುವುದರಲ್ಲಿ ತಪ್ಪೇನೂ ಇಲ್ಲ, ಸಂಕೋಚ ಬೇಡ.

ಅಂಗಡಿಯಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ನಿಂದ ಕೆಲವು ವಾಹನಗಳಲ್ಲಿ ನೀವೇ ಓದಬಹುದು. ಓದಿದ ಕೂಡಲೇ ಕಳಚಿಡಿ. ಅಂಥ ಅನೇಕ ಸಾಧನಗಳ ಗುಪ್ತ ಸಂಖ್ಯೆ 1234 ಅಥವಾ 0000. ಅಲ್ಲೇ ಬಿಟ್ಟರೆ ಪಕ್ಕದಲ್ಲಿ ನಿಂತ ಯಾರಾದರೂ ಜೋಡಿಸಿಕೊಳ್ಳಬಹುದು, ಬ್ಯಾಟರಿಯ ಚಾರ್ಜೂ ಇಳಿಯುತ್ತದೆ.

ಹಂತ 3: ಆ್ಯಪ್‌ಗೆ ಕೊಟ್ಟ ಅನುಮತಿಗಳನ್ನು ಒಂದೊಂದಾಗಿ ಹಿಂದಕ್ಕೆ ಪಡೆಯಿರಿ

ಒಂದೇ ಹಂತ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ವಾಹನ ಕೊಂಡ ದಿನ ಷೋರೂಮಿನ ಹುಡುಗ ನಿಮ್ಮ ಫೋನು ತೆಗೆದುಕೊಂಡು, ಆ್ಯಪ್ ಹಾಕಿ, ಬಂದ ಪ್ರತಿ ಪ್ರಶ್ನೆಗೂ ‘ಅನುಮತಿಸಿ’ ಒತ್ತಿ ಹಿಂದಿರುಗಿಸಿರುತ್ತಾನೆ. ಆ ದಿನ ಪೂಜೆ, ಸಿಹಿ, ಫೋಟೋಗಳ ನಡುವೆ ಯಾರೂ ಅದನ್ನು ಗಮನಿಸುವುದಿಲ್ಲ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಅನುಮತಿಗಳ ಪಟ್ಟಿ ತೆರೆಯಿರಿ.

ಸ್ಥಳದ ಅನುಮತಿ: ‘ಯಾವಾಗಲೂ’ ಎಂದಿದ್ದರೆ ‘ಆ್ಯಪ್ ಬಳಸುವಾಗ ಮಾತ್ರ’ ಎಂದು ಬದಲಿಸಿ. ‘ಸ್ಥಳ ಕೊಡದಿದ್ದರೆ ಬ್ಲೂಟೂತ್ ಜೋಡಣೆಯೇ ಆಗುವುದಿಲ್ಲ’ ಎಂದು ಕೆಲವರು ಹೇಳುತ್ತಾರೆ. ಆಂಡ್ರಾಯ್ಡ್ 11ರವರೆಗೆ ಆ ಮಾತು ನಿಜವಾಗಿತ್ತು, ಏಕೆಂದರೆ ಹತ್ತಿರದ ಬ್ಲೂಟೂತ್ ಸಾಧನಗಳನ್ನು ಹುಡುಕಲು ಸ್ಥಳದ ಅನುಮತಿಯೇ ಬೇಕಿತ್ತು. ಆಂಡ್ರಾಯ್ಡ್ 12ರಿಂದ ಅದಕ್ಕೆ ‘ಹತ್ತಿರದ ಸಾಧನಗಳು’ ಎಂಬ ಬೇರೆ ಅನುಮತಿ ಇದೆ. ನಕ್ಷೆ ತೋರಿಸಲು ಸ್ಥಳ ಬೇಕು, ಒಪ್ಪೋಣ. ಫೋನು ದಿಂಬಿನ ಪಕ್ಕದಲ್ಲಿರುವಾಗ ಬೈಕಿನ ಆ್ಯಪ್‌ಗೆ ಅದು ಬೇಕಾಗಿಲ್ಲ.

ಸಂಪರ್ಕಗಳು, ಕರೆಗಳ ಪಟ್ಟಿ, ಎಸ್‌ಎಂಎಸ್: ಮೀಟರ್‌ನಲ್ಲಿ ಕರೆ ಮಾಡಿದವರ ಹೆಸರು ಕಾಣಿಸಲಿ ಎಂದು ಇವನ್ನು ಕೇಳುತ್ತಾರೆ. ಓಡಿಸುವಾಗ ಯಾರ ಕರೆ ಬಂತೆಂದು ನೋಡುವುದು ನಿಮಗೆ ಮುಖ್ಯವಲ್ಲದಿದ್ದರೆ ಮೂರನ್ನೂ ನಿರಾಕರಿಸಿ.

ಅಧಿಸೂಚನೆ ಓದುವ ಅನುಮತಿ: ಇದು ಸಾಮಾನ್ಯ ಪಟ್ಟಿಯಲ್ಲಿ ಇರುವುದಿಲ್ಲ, ‘ವಿಶೇಷ ಆ್ಯಪ್ ಪ್ರವೇಶ’ ಎಂಬ ಭಾಗದಲ್ಲಿ ಅಡಗಿರುತ್ತದೆ. ಇದನ್ನು ಕೊಟ್ಟರೆ ಫೋನಿಗೆ ಬರುವ ಸೂಚನೆಗಳ ಪಠ್ಯವನ್ನು ಆ್ಯಪ್ ಓದಬಲ್ಲದು. ವಾಟ್ಸ್ಆ್ಯಪ್ ಸಂದೇಶದ ಮೊದಲ ಸಾಲು, ಬ್ಯಾಂಕಿನ ಒಟಿಪಿ ಎಲ್ಲವೂ ಅದರಲ್ಲಿ ಸೇರಬಹುದು. ಮೀಟರ್‌ನ ಮೇಲೊಂದು ಪುಟ್ಟ ಲಕೋಟೆಯ ಚಿತ್ರ ಕಾಣಲು ಇಷ್ಟು ದೊಡ್ಡ ಬೆಲೆ ಕೊಡಬೇಡಿ.

ನಂತರ ಆ್ಯಪ್‌ನೊಳಗೇ ಹೋಗಿ ಸವಾರಿ ಇತಿಹಾಸ, ಸವಾರಿ ಅಂಕ, ‘ಸವಾರಿ ಹಂಚಿಕೊಳ್ಳಿ’, ಜಾಹೀರಾತು ಒಪ್ಪಿಗೆ ಎಂಬುವನ್ನು ಹುಡುಕಿ. ಸವಾರಿಯ ದಾರಿಯನ್ನು ಹೆಸರಿಲ್ಲದೆ ಹಂಚಿಕೊಂಡರೆ ತೊಂದರೆಯಿಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು. 15 ಲಕ್ಷ ಜನರ ಮೊಬೈಲ್ ದತ್ತಾಂಶವನ್ನು ಪರಿಶೀಲಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಬ್ಬ ವ್ಯಕ್ತಿ ಯಾವ ಹೊತ್ತಿನಲ್ಲಿ ಎಲ್ಲಿದ್ದ ಎಂಬ ನಾಲ್ಕೇ ನಾಲ್ಕು ಬಿಂದುಗಳು ಸಿಕ್ಕರೆ ಶೇ 95ರಷ್ಟು ಜನರನ್ನು ಉಳಿದವರಿಂದ ಬೇರ್ಪಡಿಸಬಹುದು ಎಂದು ತೋರಿಸಿತು. ರಾತ್ರಿ ವಾಹನ ನಿಲ್ಲುವ ಜಾಗ ನಿಮ್ಮ ಮನೆ, ಹಗಲು ನಿಲ್ಲುವ ಜಾಗ ನಿಮ್ಮ ಕಚೇರಿ. ಹೆಸರು ಹಚ್ಚಲು ಇನ್ನೇನು ಬೇಕು?

ಹಂತ 4: ಸಿಮ್ ಇರುವ ವಾಹನ ಮತ್ತು ಹೊರಗಿನ ಟ್ರ್ಯಾಕರ್

ಸಿಮ್ ಇರುವ ವಾಹನದಲ್ಲಿ ಸ್ಥಳದ ವರದಿಯನ್ನು ಪೂರ್ತಿ ನಿಲ್ಲಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಕಳವಿನ ಎಚ್ಚರಿಕೆ, ವಾಹನವನ್ನು ಎಳೆದೊಯ್ದರೆ ಬರುವ ಸೂಚನೆ, ಬಿದ್ದಾಗ ಮನೆಯವರಿಗೆ ಹೋಗುವ ಸಂದೇಶ, ತಂತ್ರಾಂಶದ ನವೀಕರಣ ಎಲ್ಲವೂ ಅದನ್ನೇ ನಂಬಿವೆ. ರಾತ್ರಿ ಒಂಟಿಯಾಗಿ ಓಡಾಡುವವರು ಇವನ್ನು ಆರಿಸಬೇಕೆಂದು ನಾನು ಹೇಳಲಾರೆ. ಯಾರಿಗೆಲ್ಲ ಕಾಣುತ್ತಿದೆ ಎಂಬುದನ್ನಂತೂ ಪರಿಶೀಲಿಸಿ. ಖಾತೆಯಲ್ಲಿ ಜೋಡಿಸಿದ ಎರಡನೆಯ ಬಳಕೆದಾರರು, ಹಳೆಯ ಫೋನು, ತೆರೆದೇ ಉಳಿದ ಸ್ಥಳ ಹಂಚಿಕೆಯ ಕೊಂಡಿ, ಇವನ್ನು ಹುಡುಕಿ ತೆಗೆಯಿರಿ. ಗುಪ್ತಪದವನ್ನೂ ಬದಲಿಸಿ.

ಮೆಕ್ಯಾನಿಕ್‌ನಿಂದ ಹಾಕಿಸಿದ ಅಗ್ಗದ ಜಿಪಿಎಸ್ ಟ್ರ್ಯಾಕರ್ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಕಳವಳವಿದೆ. 2022ರ ಜುಲೈಯಲ್ಲಿ ಮೈಕೋಡಸ್ ಎಂಬ ಚೀನೀ ಕಂಪನಿಯ ಟ್ರ್ಯಾಕರ್‌ನಲ್ಲಿ ಗಂಭೀರ ಲೋಪಗಳಿವೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಎಚ್ಚರಿಸಿತು. ಎಲ್ಲ ಸಾಧನಗಳಿಗೂ ಕಂಪನಿ ಕೊಟ್ಟಿದ್ದ ಗುಪ್ತಪದ 123456. ಬೇರೆಯವರು ವಾಹನದ ಜಾಡು ಹಿಡಿಯುವುದಷ್ಟೇ ಅಲ್ಲ, ಇಂಧನವನ್ನೂ ಕಡಿಯಬಹುದಾಗಿತ್ತು. ನಿಮ್ಮ ಟ್ರ್ಯಾಕರ್ ಯಾವುದೇ ಇರಲಿ, ಗುಪ್ತಪದವನ್ನು ಇಂದೇ ಬದಲಿಸಿ. ಅದರೊಳಗಿನ ಸಿಮ್ ಯಾರ ಹೆಸರಿನಲ್ಲಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹಾಕಿದವನ ಫೋನಿನಲ್ಲಿ ನಿಮ್ಮ ಖಾತೆ ತೆರೆದೇ ಉಳಿದಿದ್ದರೆ ಅವನೆದುರೇ ಅದರಿಂದ ಹೊರಬನ್ನಿ.

ಇನ್ನೊಂದು ಮಾತು. ಮಗಳ, ಹೆಂಡತಿಯ, ತಂಗಿಯ ಸ್ಕೂಟರ್‌ಗೆ ಅವರಿಗೆ ತಿಳಿಸದೆ ಟ್ರ್ಯಾಕರ್ ಇಡುವುದು ಹೇಗೆಂದು ಕೇಳುವವರಿದ್ದಾರೆ. ಅದಕ್ಕೆ ನಾನು ದಾರಿ ಹೇಳುವುದಿಲ್ಲ. ವಯಸ್ಕರಾದವರಿಗೆ ಹೇಳಿ, ಅವರು ಒಪ್ಪಿದರೆ ಹಾಕಿ.

ಹಂತ 5: ಕಂಪನಿಗೆ ಬರೆದು ಕೇಳಿ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ದತ್ತಾಂಶವನ್ನು ನೋಡುವ, ತಿದ್ದಿಸುವ, ಅಳಿಸುವ ಹಕ್ಕುಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ವೇಳೆಗೆ, ಪೂರ್ಣವಾಗಿ ಜಾರಿಗೆ ಬರಬೇಕು. ಅಲ್ಲಿಯವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳಿವೆ. ಅವುಗಳ ಪ್ರಕಾರ ಕಂಪನಿಯು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕವನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಿ, ಬಂದ ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಅಧಿಕಾರಿಗೇ ಇಮೇಲ್ ಬರೆಯಿರಿ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ ದಾಖಲೆ ಉಳಿಯುವುದಿಲ್ಲ.

ಒಕ್ಕಣೆ ಹೀಗಿದ್ದರೆ ಸಾಕು:

‘ನನ್ನ ವಾಹನದ ನೋಂದಣಿ ಸಂಖ್ಯೆ ಹಾಗೂ ಖಾತೆಯ ಮೊಬೈಲ್ ಸಂಖ್ಯೆ ಮೇಲಿನಂತಿವೆ. ಈ ಖಾತೆ ಮತ್ತು ವಾಹನಕ್ಕೆ ಸೇರಿದಂತೆ ನಿಮ್ಮ ಬಳಿ ಯಾವ ಯಾವ ಮಾಹಿತಿ ಇದೆ, ಎಷ್ಟು ಕಾಲ ಇಡುತ್ತೀರಿ, ಯಾರೊಡನೆ ಹಂಚಿಕೊಂಡಿದ್ದೀರಿ ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ. ಮಾರಾಟ ಪ್ರಚಾರಕ್ಕೆ ಮತ್ತು ಮೂರನೆಯವರೊಡನೆ ಹಂಚಿಕೆಗೆ ನಾನು ಕೊಟ್ಟಿರಬಹುದಾದ ಒಪ್ಪಿಗೆಯನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ.’

ಇದನ್ನು ಕನ್ನಡದಲ್ಲೇ ಬರೆಯಿರಿ ಎಂಬುದು ನನ್ನ ಆಗ್ರಹ. ಹೊಸ ಕಾಯ್ದೆ ಪೂರ್ಣವಾಗಿ ಜಾರಿಯಾದ ಮೇಲೆ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕಂಪನಿ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ನಾವು ಕೇಳದಿದ್ದರೆ ಆ ಸಾಲು ಕಾಗದದಲ್ಲೇ ಉಳಿಯುತ್ತದೆ.

ಹಂತ 6: ವಿಮಾ ಪಾಲಿಸಿ

2022ರ ಜುಲೈಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ‘ಓಡಿಸಿದಷ್ಟಕ್ಕೆ ಪಾವತಿ’, ‘ಓಡಿಸುವ ರೀತಿಗೆ ಪಾವತಿ’ ಎಂಬ ಹೆಚ್ಚುವರಿ ಸೌಲಭ್ಯಗಳಿಗೆ ಅವಕಾಶ ಕೊಟ್ಟಿತು. ಮೊದಲನೆಯದಕ್ಕೆ ಕಿಲೋಮೀಟರ್ ಲೆಕ್ಕ ಸಾಕು. ಎರಡನೆಯದಕ್ಕೆ ನೀವು ಹೇಗೆ ಬ್ರೇಕ್ ಹಿಡಿಯುತ್ತೀರಿ, ಎಷ್ಟು ವೇಗದಲ್ಲಿ ಹೋಗುತ್ತೀರಿ ಎಂಬುದೂ ಬೇಕು. ನಿಮ್ಮ ಪಾಲಿಸಿಯಲ್ಲಿ ಎರಡನೆಯದು ಇಲ್ಲದಿದ್ದರೆ ಮತ್ತು ವಿಮಾ ಕಂಪನಿಯ ಆ್ಯಪ್‌ಗೆ ಸ್ಥಳದ ಅನುಮತಿ ಕೊಟ್ಟಿಲ್ಲದಿದ್ದರೆ ನಿಮ್ಮ ವೇಗ ಅವರಿಗೆ ತಾನಾಗಿ ತಲುಪುವ ದಾರಿ ಇಲ್ಲ. ತಯಾರಕ ಕಂಪನಿ ಹಂಚಿಕೊಂಡರೆ ಮಾತ್ರ ಬೇರೆ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ತನ್ನ ಕಾರು ಚಾಲಕರ ಮಾಹಿತಿಯನ್ನು ವಿಮಾ ಕಂಪನಿಗಳಿಗೆ ಮಾಹಿತಿ ಒದಗಿಸುವ ಸಂಸ್ಥೆಗಳೊಡನೆ ಹಂಚಿಕೊಂಡದ್ದು ವಿವಾದವಾಗಿ, ಐದು ವರ್ಷ ಹಾಗೆ ಮಾಡಬಾರದೆಂಬ ಆದೇಶವನ್ನು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಪ್ರಸ್ತಾಪಿಸಿತು. ಹಂತ 5ರ ಪತ್ರದಲ್ಲಿ ‘ಯಾರೊಡನೆ ಹಂಚಿಕೊಂಡಿದ್ದೀರಿ’ ಎಂದು ಕೇಳಿದ್ದು ಇದಕ್ಕಾಗಿಯೇ.

ಹಂತ 7: ಮಾರುವಾಗ, ಕೊಳ್ಳುವಾಗ

ನಮೂನೆ 29, 30 ತುಂಬಿ, ಆರ್‌ಸಿ ವರ್ಗಾವಣೆ ಮಾಡಿಸಿ, ಕೀಲಿ ಕೊಟ್ಟರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾದರೆ ಕಂಪನಿಯ ಸರ್ವರ್‌ನಲ್ಲಿ ತಾನಾಗಿ ಬದಲಾಗುವುದಿಲ್ಲ. ನನ್ನ ಪರಿಚಯದ ಒಬ್ಬ ಉಪನ್ಯಾಸಕಿ ಹಳೆಯ ವಿದ್ಯುತ್ ಸ್ಕೂಟರ್ ಕೊಂಡು ತಿಂಗಳುಗಟ್ಟಲೆ ಓಡಿಸಿದರು. ಅವರು ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಅಷ್ಟು ದಿನವೂ ಹಿಂದಿನ ಮಾಲೀಕನಿಗೆ ಕಾಣುತ್ತಿತ್ತು. ಅವನು ಸಜ್ಜನ, ತಾನೇ ಕರೆ ಮಾಡಿ ತಿಳಿಸಿದ. ಎಲ್ಲರೂ ಹಾಗಿರುವುದಿಲ್ಲ.

ಮಾರುವವರು ಈ ಕ್ರಮದಲ್ಲೇ ಮಾಡಿ, ಹಿಂದುಮುಂದಾದರೆ ಕೆಲಸ ಕೆಡುತ್ತದೆ. ಮೊದಲು ನಿಮಗೆ ಬೇಕಾದ ಸವಾರಿ ಇತಿಹಾಸವನ್ನು ಇಳಿಸಿಕೊಳ್ಳಿ. ಮೀಟರ್‌ನಿಂದ ಜೋಡಿಸಿದ ಫೋನುಗಳನ್ನು, ಉಳಿಸಿದ ಮನೆ-ಕಚೇರಿ ವಿಳಾಸಗಳನ್ನು ಅಳಿಸಿ. ಆ್ಯಪ್‌ನಲ್ಲಿ ವಾಹನವನ್ನು ಖಾತೆಯಿಂದ ಬಿಡಿಸಿ ಅಥವಾ ಮಾಲೀಕತ್ವ ವರ್ಗಾವಣೆಯ ಕೋರಿಕೆ ಸಲ್ಲಿಸಿ. ಬಿಡಿಸಿದ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಆಮೇಲೆ ಖಾತೆ ಅಳಿಸಿ, ಕೊನೆಗೆ ಆ್ಯಪ್ ತೆಗೆಯಿರಿ. ಅನೇಕರು ಆ್ಯಪ್ ಮಾತ್ರ ತೆಗೆದು ಸುಮ್ಮನಾಗುತ್ತಾರೆ. ಖಾತೆಯೂ ಅದರೊಳಗಿನ ಇತಿಹಾಸವೂ ಸರ್ವರ್‌ನಲ್ಲಿ ಹಾಗೇ ಇರುತ್ತವೆ. ಖಾತೆ ತೆರೆಯಲು ಬಿಡುವ ಆ್ಯಪ್, ಅಳಿಸಲೂ ದಾರಿ ಕೊಡಬೇಕೆಂದು ಆಪಲ್ ಮತ್ತು ಗೂಗಲ್ ಎರಡೂ ನಿಯಮ ಮಾಡಿವೆ. ಆದ್ದರಿಂದ ಆ ಗುಂಡಿ ಎಲ್ಲೋ ಇದ್ದೇ ಇರುತ್ತದೆ, ಹುಡುಕಿ.

ಕೊಳ್ಳುವವರು ಪೂರ್ತಿ ಹಣ ಕೊಡುವ ಮೊದಲು ಮಾರುವವರ ಎದುರೇ ಇಷ್ಟನ್ನೂ ಮಾಡಿಸಿ. ನಂತರ ಸೀಟಿನ ಕೆಳಗೆ, ಬ್ಯಾಟರಿಯ ಸುತ್ತ, ಮುಂದಿನ ಹೊದಿಕೆಯ ಒಳಗೆ ಬೆಂಕಿಪೊಟ್ಟಣದ ಗಾತ್ರದ ಅಪರಿಚಿತ ಡಬ್ಬಿಯೇನಾದರೂ ಬ್ಯಾಟರಿಯ ತಂತಿಗೆ ಸೇರಿದೆಯೇ ಎಂದು ಮೆಕ್ಯಾನಿಕ್‌ನಿಂದ ನೋಡಿಸಿ. ನೀವೇ ತಂತಿ ಕತ್ತರಿಸಬೇಡಿ, ಎಬಿಎಸ್ ಅಥವಾ ಇಸಿಯು ತಂತಿಗೆ ಕತ್ತರಿ ಬಿದ್ದರೆ ಬ್ರೇಕಿಗೇ ಅಪಾಯ.

ಹಂತ 8: ಅಪಘಾತವಾದರೆ ಏನನ್ನೂ ಅಳಿಸಬೇಡಿ

ಇಲ್ಲಿಯವರೆಗೆ ಹೇಳಿದ್ದಕ್ಕೆ ಇದು ತದ್ವಿರುದ್ಧ. ಯಾರಿಗಾದರೂ ಪೆಟ್ಟಾದ ಕ್ಷಣದಿಂದ ಆ ಮಾಹಿತಿ ಸಾಕ್ಷ್ಯ. ಸಾಕ್ಷ್ಯವಾಗಬಹುದಾದ ವಿದ್ಯುನ್ಮಾನ ದಾಖಲೆಯನ್ನು ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ. ನಿಮ್ಮದೇ ಹಿತಕ್ಕೂ ಅದು ಬೇಕು. ‘ಬೈಕಿನವನೇ ಜೋರಾಗಿ ಬಂದ’ ಎಂಬ ಮಾತು ನಮ್ಮ ರಸ್ತೆಗಳಲ್ಲಿ ಸವಾರ ಪ್ರಜ್ಞೆ ತಪ್ಪಿ ಬಿದ್ದಿರುವಾಗಲೇ ಹುಟ್ಟಿಬಿಡುತ್ತದೆ. 40ರ ವೇಗದಲ್ಲಿದ್ದೆ ಎಂದು ತೋರಿಸುವ ದಾಖಲೆ ಅವನ ಪರ ನಿಲ್ಲುವ ಒಂದೇ ಸಾಕ್ಷಿಯಾಗಬಹುದು.

ನೀವು ಆಸ್ಪತ್ರೆಯಲ್ಲಿದ್ದರೆ ಈ ಕೆಲಸಗಳನ್ನು ಮನೆಯವರು ಮಾಡಲಿ. ಹೆಲ್ಮೆಟ್ ಅಥವಾ ಹ್ಯಾಂಡಲ್ ಮೇಲಿನ ಕ್ಯಾಮೆರಾವನ್ನು ಆರಿಸಿ ಮೆಮೊರಿ ಕಾರ್ಡ್ ಹೊರತೆಗೆಯಬೇಕು, ಏಕೆಂದರೆ ಅನೇಕ ಕ್ಯಾಮೆರಾಗಳು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತವೆ. ವಿಡಿಯೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಬಾರದು. ಅಲ್ಲಿ ಕಡತ ಕುಗ್ಗಿ ಗುಣಮಟ್ಟವನ್ನೂ ಮೂಲ ವಿವರಗಳನ್ನೂ ಕಳೆದುಕೊಳ್ಳುತ್ತದೆ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಕಾರ್ಡ್ ಇದ್ದರೆ ವಕೀಲರ ಕೆಲಸ ಹಗುರ. ದೋಷ ಸಂಕೇತಗಳನ್ನು ಅಳಿಸಬಾರದೆಂದು ಸರ್ವಿಸ್ ಸೆಂಟರ್‌ಗೆ ಬರೆದುಕೊಡಿ. ಸಿಮ್ ಇರುವ ವಾಹನವಾದರೆ ಆ ದಿನದ ದಾಖಲೆಯನ್ನು ಕಾಯ್ದಿರಿಸುವಂತೆ ಕಂಪನಿಗೆ ಅಂದೇ ಇಮೇಲ್ ಕಳಿಸಿ.

ತನಿಖೆಗೆ ಬೇಕಾದ ದಾಖಲೆ ಅಥವಾ ಸಾಧನವನ್ನು ಹಾಜರುಪಡಿಸುವಂತೆ ಠಾಣಾಧಿಕಾರಿಯು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಲಿಖಿತ ಆದೇಶ ಕೊಡಬಹುದು. ವಿಮಾ ಸರ್ವೇಯರ್‌ಗೆ ಆ ಅಧಿಕಾರವಿಲ್ಲ. ಅವರು ಫೋನು ಕೇಳಿದರೆ ಯಾವ ಮಾಹಿತಿ ಬೇಕೆಂದು ಬರೆದುಕೊಡಲು ಹೇಳಿ, ಅಷ್ಟನ್ನು ಮಾತ್ರ ಕೊಡಿ. ಪೊಲೀಸರು ಕ್ಯಾಮೆರಾ ಅಥವಾ ಫೋನನ್ನು ವಶಪಡಿಸಿಕೊಂಡರೆ ಅದರ ಮಾದರಿ, ಫೋನಾದರೆ ಐಎಂಇಐ ಎಂಬ ಗುರುತಿನ ಸಂಖ್ಯೆ, ಒಳಗಿನ ಕಾರ್ಡಿನ ವಿವರ ಮಹಜರಿನಲ್ಲಿ ಬಂದಿದೆಯೇ ಎಂದು ಓದಿ, ಬಂದ ಮೇಲೆ ಸಹಿ ಮಾಡಿ, ಪ್ರತಿಯೊಂದನ್ನು ಕೇಳಿ ಪಡೆದುಕೊಳ್ಳಿ.